ಒಂದೇ ಬೆರಳಲ್ಲಿ ಟೈಪ್ ಮಾಡುವ ಮಗಳಿಗೆ ಹತ್ತು ಬೆರಳು ಕಲಿಸುವುದು ಹೇಗೆ?

ಮಗಳಿಗೆ ಒಂಬತ್ತು ವರ್ಷ, ಒಂದೇ ಬೆರಳಲ್ಲಿ ಕುಟ್ಟುತ್ತಾಳೆ, ಕೀಬೋರ್ಡ್ ನೋಡದೆ ಟೈಪ್ ಮಾಡೋದು ಈಗಲೇ ಕಲಿಸಬಹುದಾ ಅಂತ ಕೇಳಿದ್ದೀರಿ. ಕಲಿಸಬಹುದು. ನನ್ನ ಮಗ ಶುರು ಮಾಡಿದ್ದೂ ಅದೇ ವಯಸ್ಸಿನಲ್ಲಿ. ಆದರೆ ಮೊದಲ ಸಲ ನಾನೇ ಕೆಡಿಸಿದೆ.

ನಾನು ಕಲಿತದ್ದು ತುಮಕೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ, ಪಿಯುಸಿ ರಜೆಯಲ್ಲಿ. ವಾರವಿಡೀ 'ಎ ಎಸ್ ಡಿ ಎಫ್ ಜಿ ಎಫ್' ಅಂತ ಹಾಳೆ ತುಂಬಿಸೋದೇ ಕೆಲಸ. ಮಗನಿಗೂ ಅದನ್ನೇ ಮಾಡಿಸಿದೆ. ಮೂರನೇ ದಿನಕ್ಕೆ ಕೀಬೋರ್ಡ್ ಕಂಡರೆ ಎದ್ದು ಓಡುತ್ತಿದ್ದ. ನಮಗಾದರೆ ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾಗಬೇಕಿತ್ತು, ಅವನಿಗೇನಿದೆ ಹೇಳಿ?

ಒಂದು ತಿಂಗಳು ಸುಮ್ನೆ ಬಿಟ್ಟು, ಎರಡನೇ ಸಲ ಕನ್ನಡದಲ್ಲಿ ಶುರು ಮಾಡಿದೆವು. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಗೀಟು ಉಬ್ಬಿರುತ್ತೆ, ಗಮನಿಸಿದ್ದೀರಾ? ಕಣ್ಣು ಮುಚ್ಚಿ ಅವೆರಡನ್ನು ಹುಡುಕೋದೇ ಮೊದಲ ಆಟ. ತೋರುಬೆರಳುಗಳು ಅಲ್ಲಿ ಕೂತರೆ ಉಳಿದವು ಪಕ್ಕದಲ್ಲಿ ಸಾಲಾಗಿ ಕೂರುತ್ತವೆ. 'ನುಡಿ' ಅನ್ನೋ ಕನ್ನಡ ತಂತ್ರಾಂಶದಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿ ಜೋಡಣೆ ಇದೆ, ಅದರಲ್ಲಿ ಒತ್ತಕ್ಷರ ಕೂಡಿಸೋದು ಎಫ್ ಕೀಲಿಯೇ. 'ಅಜ್ಜ' ಬರೆಯಲು ಎ, ಜೆ, ಎಫ್, ಜೆ ಒತ್ತಿದರೆ ಆಯ್ತು. ಒಂದು ಬೆರಳೂ ಜಾಗ ಬಿಟ್ಟು ಏಳಬೇಕಿಲ್ಲ! 'ಅಕ್ಕ', 'ಕಸ' ಕೂಡ ಹಾಗೇ. 'ಹಗ್ಗ'ಕ್ಕೆ ತೋರುಬೆರಳು ಒಂಚೂರು ಒಳಗೆ ಚಾಚಬೇಕು. ಮೊದಲ ದಿನವೇ ಅರ್ಥವಿರೋ ಪದ ಪರದೆ ಮೇಲೆ ಬಂದರೆ ಮಕ್ಕಳ ಮುಖ ನೋಡಬೇಕು.

ಅವನಿಗೋ 'ತಟ್ಟೆ ಇಡ್ಲಿ' ಬರೆಯುವ ಆಸೆ. ಆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರದ ಪಕ್ಕದ ಊರಿನವರು ನಾವು, ಇನ್ನೇನು ಬರೆದಾನು? ಆದರೆ 'ತಟ್ಟೆ' ಪೂರ್ತಿ ಎಡಗೈ ಪದ. 'ಟ' ಇರೋದು ಕ್ಯೂ ಕೀಲಿಯಲ್ಲಿ, ಅದಕ್ಕೆ ಎಡಗೈ ಕಿರುಬೆರಳು ಎರಡು ಸಲ ಮೇಲೇರಬೇಕು. ಅದನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ.

ಕೀಲಿ ಕಾಣದಿರಲಿ ಅಂತ ಕೈ ಮೇಲೆ ಟವೆಲ್ ಹೊದಿಸಿದರೆ ಇಣುಕಿ ನೋಡುತ್ತಾರೆ. ಶೂ ಡಬ್ಬಿಗೆ ಎರಡು ತೂತು ಕೊರೆದು ಅದರೊಳಗೆ ಕೈ ಹಾಕಿಸಿದೆ, ಅದು ಕೆಲಸ ಮಾಡಿತು. ದಿನಕ್ಕೆ ಹತ್ತು ನಿಮಿಷ ಸಾಕು. ವೇಗ ಅಳೆಯಲೇಬೇಡಿ. ಕಾಲು ನೇತಾಡುತ್ತಿದ್ದರೆ ಕೆಳಗೊಂದು ಮಣೆ ಇಡಿ.

ನಮಗೆ ನಾಲ್ಕು ತಿಂಗಳು ಹಿಡಿಯಿತು. ಗೇಮ್‌ನಲ್ಲಿ ಹೆಸರು ಬರೆಯುವಾಗ ಈಗಲೂ ಒಂದೇ ಬೆರಳು. ನಾನು ನೋಡದವನ ಹಾಗೆ ಇರುತ್ತೇನೆ.