ಕೀಬೋರ್ಡ್ ವೈರ್ ಕಿತ್ತು ಮತ್ತೆ ಚುಚ್ಚಿದರೆ ಮಾತ್ರ ನಡೆಯುತ್ತದೆ, ಹೊಸದು ತರಬೇಕಾ?

ನೀವು ಹೇಳಿದ್ದು ಇಷ್ಟು: ಡೆಸ್ಕ್‌ಟಾಪ್ ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಕೀಬೋರ್ಡ್, ಮೌಸ್ ಎರಡೂ ಸತ್ತಂತೆ ಇರುತ್ತವೆ. ಕಿತ್ತು ಚುಚ್ಚಿದರೆ ಸರಿ. ಬೆಳಿಗ್ಗೆ ಆನ್ ಮಾಡಿದಾಗಲೂ ಒಮ್ಮೊಮ್ಮೆ ಇದೇ ಕಥೆ.

ಹೊಸದು ತರಬೇಡಿ. ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಇದೇ ಕಾಟಕ್ಕೆ ನಾನು ಎರಡು ಕೀಬೋರ್ಡ್ ತಂದೆ. ಎರಡೂ ಈಗ ಟೇಬಲ್ ಕೆಳಗೆ ಧೂಳು ತಿನ್ನುತ್ತಿವೆ.

ಕಿತ್ತು ಚುಚ್ಚಿದರೆ ನಡೆಯುತ್ತದೆ ಅಂದರೆ ಕೀಬೋರ್ಡ್ ಬಹುತೇಕ ಚೆನ್ನಾಗಿಯೇ ಇದೆ. ಕರೆಂಟ್ ಉಳಿಸಲು ವಿಂಡೋಸ್, ಸುಮ್ನೆ ಕೂತ ಯುಎಸ್‌ಬಿ ಸಾಮಾನನ್ನು ಮಲಗಿಸುತ್ತದೆ. ಕೀ ಒತ್ತಿದಾಗ ಅದು ಏಳಬೇಕು. ಆದರೆ ಕೆಲವು ಕೀಬೋರ್ಡ್‌ಗಳ ಫರ್ಮ್‌ವೇರ್‌ಗೆ (ಅದರೊಳಗೇ ಇರುವ ಸಣ್ಣ ಪ್ರೋಗ್ರಾಂಗೆ) ಆ ಏಳುವುದೇ ಸರಿಯಾಗಿ ಬರಲ್ಲ, ಕೆಲವೊಮ್ಮೆ ತಪ್ಪು ಮದರ್‌ಬೋರ್ಡ್ (ಕಂಪ್ಯೂಟರಿನ ಮುಖ್ಯ ಬೋರ್ಡ್) ಕಡೆಯದು. ಕಿತ್ತು ಚುಚ್ಚಿದಾಗ ಹೊಸದಾಗಿ 5 ವೋಲ್ಟ್ ಸಿಕ್ಕಿ, ಎಲ್ಲ ಮೊದಲಿಂದ ಶುರುವಾಗುತ್ತದೆ, ಅಷ್ಟೇ.

ಡಿವೈಸ್ ಮ್ಯಾನೇಜರ್ ತೆಗೆಯಿರಿ. ಕೊನೆಯಲ್ಲಿರುವ ಯುಎಸ್‌ಬಿ ಕಂಟ್ರೋಲರ್ಸ್ ಕೆಳಗೆ 'ಯುಎಸ್‌ಬಿ ರೂಟ್ ಹಬ್' ಅಂತ ಒಂದೋ ಎರಡೋ ಇರುತ್ತವೆ. ಒಂದೊಂದರ ಪ್ರಾಪರ್ಟೀಸ್‌ನಲ್ಲೂ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಪವರ್ ಉಳಿಸಲು ಈ ಡಿವೈಸ್ ಆಫ್ ಮಾಡಬಹುದು ಎನ್ನುವ ಟಿಕ್ ತೆಗೆಯಿರಿ. ಆಮೇಲೆ ಪವರ್ ಆಪ್ಶನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಡಿಸೇಬಲ್ ಮಾಡಿ. ನನ್ನ ಚಹಾ ಹೊತ್ತಿನ ಸಮಸ್ಯೆ ಇಷ್ಟಕ್ಕೇ ಹೋಯಿತು.

ಬೆಳಗಿನದು ಬೇರೆ. ಮೊದಲು ಒಂದು ಪರೀಕ್ಷೆ: ಶಟ್‌ಡೌನ್ ಮಾಡಿ ಆನ್ ಮಾಡಿದಾಗ ಕೀಬೋರ್ಡ್ ಸತ್ತಿದ್ದು, ರೀಸ್ಟಾರ್ಟ್ ಮಾಡಿದಾಗ ಬದುಕಿದರೆ, ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಮೇಲೆ ಅನುಮಾನ ಪಡಿ. ಅದು ಆನ್ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ, ಒಳಗಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಮಾತ್ರ ನಿಜವಾಗಿ ಹೊಸದಾಗಿ ಶುರು ಮಾಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಬಟನ್ ಸೆಟ್ಟಿಂಗ್‌ನಲ್ಲಿ ಆ ಟಿಕ್ ತೆಗೆಯಬಹುದು.

ನನಗೆ ಅದರಿಂದಲೂ ಆಗಲಿಲ್ಲ. ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಸ್ಕ್ರೀನಿಗೆ ಹೋಗಿ, ಅಲ್ಲಿನ ಫಾಸ್ಟ್ ಬೂಟ್ ಆಫ್ ಮಾಡಿದೆ (ಹೆಸರು ಹತ್ತಿರ ಹತ್ತಿರ ಇದ್ದರೂ ಇದು ಬೇರೆ, ಬೇಗ ಶುರುವಾಗಲು ಯುಎಸ್‌ಬಿ ತಪಾಸಣೆಯನ್ನು ಹಾರಿಸಿಬಿಡುತ್ತದೆ). ಇಡೀ ದಿನ ಆರಾಮ. ಮರುದಿನ ಬೆಳಿಗ್ಗೆ ಮತ್ತೆ ಕೀಬೋರ್ಡ್‌ನ ನಂ ಲಾಕ್ (Num Lock) ದೀಪ ಇಲ್ಲ! ಬಯಾಸ್ ನೋಡಿದರೆ ಫಾಸ್ಟ್ ಬೂಟ್ ತಾನೇ ಆನ್ ಆಗಿ ಕೂತಿದೆ. ತಲೆ ಕೆಟ್ಟು ಹೋಯಿತು.

ಹಿಡಿದು ಕೊಟ್ಟವರು ಒಬ್ಬ ಗಿರಾಕಿ. ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡುತ್ತಾ ಕೂತಿದ್ದ ಹಿರಿಯರು ಸ್ಕ್ರೀನಿನ ಮೂಲೆಗೆ ಬೆರಳು ತೋರಿಸಿ, "ಪತ್ರಿಕೆದಾಗ ತಾರೀಖು ಬರೋಬ್ಬರಿ ಐತ್ರಿ, ನಿಮ್ಮ ಕಂಪ್ಯೂಟರಿಂದು ನೋಡ್ರಿ" ಅಂದರು. ಗಡಿಯಾರವನ್ನು ತಾನೇ ಸರಿಮಾಡುವ ನೆಟ್ ಇನ್ನೂ ಬಂದಿರಲಿಲ್ಲ, ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿ ತೋರಿಸುತ್ತಿತ್ತು. ಕರೆಂಟ್ ಇಲ್ಲದಾಗ ಗಡಿಯಾರ, ಬಯಾಸ್ ಸೆಟ್ಟಿಂಗ್ ಎರಡನ್ನೂ ಕಾಯುವ, ಮದರ್‌ಬೋರ್ಡ್ ಮೇಲಿನ ಬಿಲ್ಲೆ ಸೆಲ್ ಸತ್ತಿತ್ತು. ರಾತ್ರಿ ಅಂಗಡಿ ಮುಚ್ಚುವಾಗ ಗೋಡೆಯ ಸ್ವಿಚ್ ಆಫ್ ಮಾಡುತ್ತೇವೆ ಅಲ್ವಾ, ಆಗ ಬಯಾಸ್‌ಗೆ ಎಲ್ಲ ಮರೆತು ಹೋಗುತ್ತಿತ್ತು. ಹೊಸ ಸೆಲ್ ಹಾಕಿ, ಸೆಟ್ಟಿಂಗ್ ಇನ್ನೊಮ್ಮೆ ಮಾಡಿದೆ. ಅಂದಿನಿಂದ ತೊಂದರೆ ಇಲ್ಲ. ಸೆಲ್ ಮೇಲೆ ಸಿಆರ್2032 ಅಂತ ಇರುತ್ತದೆ, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತ ಮೇಲೆಯೇ ಬದಲಿಸಿ.

ಬಯಾಸ್ ಅಪ್‌ಡೇಟ್ ಮಾಡಿ ಅಂತ ಯಾರಾದರೂ ಹೇಳಿದರೆ ಅದನ್ನು ಕೊನೆಗೆ ಇಡಿ, ಯುಪಿಎಸ್ ಇಲ್ಲದೆ ಕೈ ಹಾಕಲೇಬೇಡಿ. ಅರ್ಧಕ್ಕೆ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು.

ಇಷ್ಟರಿಂದಲೂ ಸರಿಯಾಗದಿದ್ದರೆ ಎರಡು ವಿಷಯ ತಿಳಿಸಿ: ಬಯಾಸ್ ಸ್ಕ್ರೀನಿನಲ್ಲಿ ಕೀಬೋರ್ಡ್ ನಡೆಯುತ್ತದಾ, ಮತ್ತು ಬೆಳಿಗ್ಗೆ ನಿಮ್ಮ ಗಡಿಯಾರ ಏನು ತೋರಿಸುತ್ತದೆ?