ಹಳೆ ಎಂಟಿಬಿಗೆ ಹಿಂದೆ ಡಿಸ್ಕ್ ಬ್ರೇಕ್: ವೆಲ್ಡಿಂಗ್ ಶಾಪಿಗೆ ಹೋಗುವ ಮೊದಲು

ನಿಮ್ಮ ಪ್ರಶ್ನೆ, ಫೋಟೋ ಎರಡೂ ನೋಡಿದೆ. 26 ಇಂಚಿನ ಹಳೆ ಎಂಟಿಬಿ (ಮೌಂಟನ್ ಬೈಕ್), ಎರಡೂ ಕಡೆ ವಿ-ಬ್ರೇಕ್, ಅಂದರೆ ರಬ್ಬರ್ ಪ್ಯಾಡ್ ರಿಮ್ಮನ್ನು ಎರಡು ಬದಿಯಿಂದ ಒತ್ತುವ ಬ್ರೇಕ್. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಎಷ್ಟು ಒತ್ತಿದರೂ ಸೈಕಲ್ ಬೇಗ ನಿಲ್ಲಲ್ಲ. ಅದಕ್ಕೆ ಹಿಂದೆ ಡಿಸ್ಕ್ (ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಬ್ರೇಕ್) ಹಾಕಿಸಬೇಕು, ಫ್ರೇಮಿನಲ್ಲಿ ಅದನ್ನು ಕೂರಿಸುವ ಮೌಂಟ್ ಇಲ್ಲ, ಊರಿನ ವೆಲ್ಡಿಂಗ್ ಶಾಪಿನವರು ಒಂದು ಪ್ಲೇಟ್ ಕಟ್ ಮಾಡಿ ಅಂಟಿಸಿ ಕೊಡ್ತೀನಿ ಅಂದಿದ್ದಾರೆ, ಮಾಡಿಸಲಾ ಅಂತ ಕೇಳಿದ್ದೀರಿ. ನಾನು ಹೇಳೋದು, ಸದ್ಯಕ್ಕೆ ಬೇಡ. ಯಾಕೆ ಅಂತ ಹೇಳ್ತೇನೆ, ಆಮೇಲೂ ಮಾಡಿಸಲೇಬೇಕು ಅನ್ನಿಸಿದರೆ ಹೇಗೆ ಮಾಡಿಸಬೇಕು ಅಂತಲೂ ಹೇಳ್ತೇನೆ.

ಮೊದಲು ಒಂದು ಮಾತು. ಒಣ ರಸ್ತೆಯಲ್ಲಿ ನಿಮ್ಮ ಹಿಂದಿನ ವಿ-ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರುತ್ತೆ ಅಲ್ವಾ? ಹಾಗಾದರೆ ಅಲ್ಲಿ ಬ್ರೇಕಿನ ಶಕ್ತಿಗೆ ಕೊರತೆ ಇಲ್ಲ. ಬ್ರೇಕ್ ಹಿಡಿದ ಕೂಡಲೇ ಭಾರವೆಲ್ಲ ಮುಂದಕ್ಕೆ ಬರುತ್ತೆ, ಇಳಿಜಾರಿನಲ್ಲಂತೂ ಇನ್ನೂ ಜಾಸ್ತಿ, ಹಿಂದಿನ ಟೈರ್ ಹಗುರ ಆಗಿಬಿಡುತ್ತೆ. ಅಲ್ಲಿ ಇನ್ನೂ ಬಲವಾದ ಬ್ರೇಕ್ ಹಾಕಿದರೆ ಬೇಗ ಜಾರುತ್ತೆ ಅಷ್ಟೇ. ಸೈಕಲ್ ನಿಲ್ಲಿಸುವುದು ಮುಂದಿನ ಬ್ರೇಕು. ಮಳೆಯಲ್ಲಿ ಡಿಸ್ಕ್ ಒಳ್ಳೆಯದು ಅನ್ನೋದು ನಿಜ. ರಿಮ್ಮಿನ ಮೇಲಿನ ನೀರನ್ನು ಪ್ಯಾಡ್ ಒರೆಸಿ ತೆಗೆಯುವವರೆಗೆ ವಿ-ಬ್ರೇಕ್ ಹಿಡಿಯಲ್ಲ, ಡಿಸ್ಕ್ ಕೆಸರಿನಿಂದ ದೂರ ಮೇಲೆ ಇರುತ್ತೆ. ಆದರೆ ಆ ಲಾಭ ನಿಮಗೆ ಬೇಕಾಗಿರುವುದು ಮುಂದಿನ ಚಕ್ರದಲ್ಲಿ.

ಈಗ ನಿಮ್ಮ ಎರಡನೇ ಫೋಟೋ ಜೂಮ್ ಮಾಡಿ ನೋಡಿ. ಮುಂದಿನ ಫೋರ್ಕಿನ ಎಡಗಾಲಿನ ಕೆಳಗೆ, ಹಿಂಬದಿಗೆ, ಎರಡು ತೂತಿರುವ ಒಂದು ಕಿವಿ ಕಾಣ್ತಿದೆ. ಅದೇ ಡಿಸ್ಕ್ ಮೌಂಟ್. 2000ದ ದಶಕದ ಎಷ್ಟೋ ಸೈಕಲ್‌ಗಳಲ್ಲಿ ಹೀಗೇ, ಫೋರ್ಕಿಗೆ ಮೌಂಟ್ ಇರುತ್ತೆ, ಫ್ರೇಮಿಗೆ ಇರಲ್ಲ. ಅಂದರೆ ಮುಂದೆ ಡಿಸ್ಕ್ ಹಾಕಲು ನಿಮಗೆ ವೆಲ್ಡಿಂಗೇ ಬೇಡ. 6 ಬೋಲ್ಟಿನ ಡಿಸ್ಕ್ ಹಬ್ (ಚಕ್ರದ ನಡುವಿನ ಗುಂಬ), 160 ಮಿ.ಮೀ. ರೋಟರ್ (ಅದಕ್ಕೆ ಬಿಗಿಯುವ ತಟ್ಟೆ), ಕೇಬಲ್ ಕ್ಯಾಲಿಪರ್ (ಆ ತಟ್ಟೆಯನ್ನು ಪ್ಯಾಡ್‌ನಿಂದ ಹಿಡಿಯುವ ಭಾಗ), ಅದನ್ನು ಮೌಂಟಿಗೆ ಸೇರಿಸುವ ಸರಿಯಾದ ಅಡಾಪ್ಟರ್, ಇಷ್ಟು ಸಾಕು. ಈಗಿರುವ ರಿಮ್ ಸವೆಯದೆ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಂಡು ಹಬ್ ಮಾತ್ರ ಬದಲಿಸಿ ಹೊಸ ಕಡ್ಡಿ ಹಾಕಿಸಬಹುದು, ಹಬ್ ಮತ್ತು ರಿಮ್ಮಿನ ತೂತಿನ ಸಂಖ್ಯೆ ಒಂದೇ ಇರಬೇಕು, 32ಕ್ಕೆ 32, 36ಕ್ಕೆ 36. ಕಡ್ಡಿಗಳನ್ನು ಕ್ರಾಸ್ ಮಾಡಿಯೇ ಹಾಕಿಸಿ. ಡಿಸ್ಕ್ ಬ್ರೇಕಿನಲ್ಲಿ ಹಬ್ಬಿನಿಂದ ರಿಮ್ಮಿಗೆ ಬಲ ಹೋಗುವುದು ಕಡ್ಡಿಗಳ ಮೂಲಕ, ನೇರ ಕಡ್ಡಿ ಅದಕ್ಕೆ ಆಗಲ್ಲ. ಇನ್ನೊಂದು, ಕ್ವಿಕ್ ರಿಲೀಸ್ (ಲಿವರ್ ಬಿಡಿಸಿ ತೆಗೆಯುವ) ಚಕ್ರ ಆದರೆ ಲಿವರ್ ಗಟ್ಟಿಯಾಗಿ ಮುಚ್ಚಿರಬೇಕು. ಕ್ಯಾಲಿಪರ್ ಫೋರ್ಕಿನ ಹಿಂಬದಿಯಲ್ಲಿ ಇರುವುದರಿಂದ ಬ್ರೇಕ್ ಹಿಡಿದಾಗ ಆಕ್ಸಲ್ಲನ್ನು ಅದು ಕೂರುವ ಸೀಳಿನಿಂದ, ಅಂದರೆ ಡ್ರಾಪ್‌ಔಟ್‌ನಿಂದ ಕೆಳಕ್ಕೆ ತಳ್ಳುತ್ತೆ. ಫೋರ್ಕಿನ ತುದಿಯಲ್ಲಿರುವ ಚಕ್ರ ಜಾರದಂತೆ ತಡೆಯುವ ಸಣ್ಣ ತುಟಿಗಳನ್ನು ಅರದಿಂದ ಉಜ್ಜಿ ತೆಗೆಯುವವರು ಇದ್ದಾರೆ, ಹಾಗೆ ಮಾಡಬೇಡಿ.

ಇನ್ನು ಹಿಂದಿನ ಫ್ರೇಮಿನ ವಿಷಯ. ಅಲ್ಲಿ ಪ್ಲೇಟ್ ಅಂಟಿಸುವುದು ಸುಲಭ, ಅದು ತಡೆಯಬೇಕಾದ ಬಲ ಮಾತ್ರ ಸುಲಭದ್ದಲ್ಲ. ಲೆಕ್ಕ ಹಾಕಿ ನೋಡಿ. 26 ಇಂಚಿನ ಚಕ್ರ, ಆಕ್ಸಲ್ಲಿನಿಂದ ನೆಲಕ್ಕೆ ಸುಮಾರು 33 ಸೆಂ.ಮೀ. ರಿಮ್ಮಿನಲ್ಲಿ ಪ್ಯಾಡ್ ತಾಗುವ ಜಾಗ ಸುಮಾರು 27 ಸೆಂ.ಮೀ. ದೂರ. 160ರ ರೋಟರಿನಲ್ಲಿ ಪ್ಯಾಡ್ ತಾಗುವುದು ಸುಮಾರು 7 ಸೆಂ.ಮೀ. ದೂರದಲ್ಲಿ. ನೆಲದಲ್ಲಿ ಟೈರ್ 30 ಕೆಜಿ ಬಲದಷ್ಟು ತಡೆದರೆ ವಿ-ಬ್ರೇಕಿನ ಮೇಲೆ ಸುಮಾರು 37 ಕೆಜಿ ಬರುತ್ತೆ, ಅದೂ ಸೀಟಿನ ಕೆಳಗಿನಿಂದ ಹಿಂದಿನ ಆಕ್ಸಲ್ಲಿಗೆ ಇಳಿಯುವ ಪೈಪುಗಳಾದ ಎರಡು ಸೀಟ್‌ಸ್ಟೇಗೆ ಹಂಚಿಕೊಂಡು. ಡಿಸ್ಕಿನಲ್ಲಿ ಅದೇ 140 ಕೆಜಿ ದಾಟುತ್ತೆ, ಪೂರ್ತಿ ಎಡಗಡೆಯ ಒಂದೇ ಜಾಗದಲ್ಲಿ. ಆ ಸೀಟ್‌ಸ್ಟೇ ಪೈಪಿನ ಗೋಡೆ ಸ್ಟೀಲ್ ಆದರೆ ಒಂದು ಮಿಲಿಮೀಟರ್ ಆಸುಪಾಸು. ಡಿಸ್ಕ್ ಫ್ರೇಮ್‌ಗಳಲ್ಲಿ ಎಡಗಡೆ ಸೀಟ್‌ಸ್ಟೇಗೂ ಚೈನ್‌ಸ್ಟೇಗೂ (ಪೆಡಲಿನ ಕಡೆಯಿಂದ ಹಿಂದಿನ ಆಕ್ಸಲ್ಲಿಗೆ ಬರುವ ಪೈಪ್) ಮಧ್ಯೆ ಅಡ್ಡ ಒಂದು ಸಣ್ಣ ಪೈಪ್ ಇರುವುದನ್ನು ಗಮನಿಸಿದ್ದೀರಾ? ಅದು ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ.

ಮುಂದಿನ ಹೆಜ್ಜೆ, ಒಂದು ಆಯಸ್ಕಾಂತ ತಗೊಂಡು ಎಡ ಸೀಟ್‌ಸ್ಟೇಗೆ ಹಿಡಿಯಿರಿ. ಬೋಲ್ಟಿಗಲ್ಲ, ಪೈಪಿಗೆ. ಅಂಟಲಿಲ್ಲ ಅಂದರೆ ಅಲ್ಯೂಮಿನಿಯಂ, ವೆಲ್ಡಿಂಗ್ ವಿಚಾರ ಅಲ್ಲಿಗೇ ಬಿಡಿ. ಸೈಕಲ್ ಫ್ರೇಮಿಗೆ ಬಳಸುವ 6061 ಜಾತಿಯ ಅಲ್ಯೂಮಿನಿಯಂಗೆ ಗಟ್ಟಿತನ ಬರುವುದು ಹೀಟ್ ಟ್ರೀಟ್‌ಮೆಂಟಿನಿಂದ. ವೆಲ್ಡ್ ಮಾಡಿದ ಜಾಗದ ಅಕ್ಕಪಕ್ಕ ಆ ಗಟ್ಟಿತನ ಸುಮಾರು ಅರ್ಧಕ್ಕೆ ಇಳಿಯುತ್ತೆ. ವಾಪಸ್ ತರಬೇಕಾದರೆ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ 160-175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಯಾವ ವೆಲ್ಡಿಂಗ್ ಶಾಪಿನಲ್ಲೂ ಇದು ಆಗುವ ಕೆಲಸ ಅಲ್ಲ. ಆರ್ಗಾನ್ ವೆಲ್ಡಿಂಗ್ ಎಷ್ಟೇ ನೀಟಾಗಿ ಮಾಡಿದರೂ ಗೆರೆಯ ಪಕ್ಕದಲ್ಲಿ ಒಂದು ದಿನ ಬಿರುಕು ಬರುತ್ತೆ, ಅದೂ ಬ್ರೇಕ್ ಜೋರಾಗಿ ಹಿಡಿದಾಗಲೇ.

ಅಂಟಿದರೆ ಸ್ಟೀಲ್, ದಾರಿ ಇದೆ. ಆದರೆ ಗೇಟು, ಗ್ರಿಲ್ಲು ಮಾಡುವ ರಾಡ್ ವೆಲ್ಡಿಂಗ್ ಬೇಡ, ತೆಳು ಪೈಪಿಗೆ ತೂತು ಬೀಳುತ್ತೆ. ಆರ್ಗಾನ್ ವೆಲ್ಡಿಂಗ್ ಗೊತ್ತಿರುವವರು, ಇಲ್ಲವೇ ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕುವ ಹಳೆ ಕೈ ಸಿಕ್ಕರೆ ಮಾಡಿಸಿ. ಪ್ಲೇಟನ್ನು ಸೀಟ್‌ಸ್ಟೇಗೆ ಮಾತ್ರ ಅಂಟಿಸದೆ ಡ್ರಾಪ್‌ಔಟ್‌ಗೂ ಸೇರಿಸಿ, ಜೊತೆಗೆ ನಾನು ಮೇಲೆ ಹೇಳಿದ ಅಡ್ಡ ಪೈಪನ್ನೂ ಹಾಕಿಸಿ. ಹತ್ತಿರದ ಬಣ್ಣವೆಲ್ಲ ಲೋಹ ಕಾಣುವವರೆಗೆ ತೆಗೆಯಬೇಕು.

ಅಳತೆ ತಪ್ಪಿದರೆ ಇಷ್ಟೂ ದಂಡ. ಪ್ಲೇಟನ್ನು ಕಣ್ಣಳತೆಯಲ್ಲಿ ಹಿಡಿದು ಅಂಟಿಸಲು ಬಿಡಬೇಡಿ. ಮೊದಲು ಡಿಸ್ಕ್ ಹಬ್ ಇರುವ ಚಕ್ರ ಕೂರಿಸಿ, ರೋಟರ್ ಬಿಗಿದು, ಕ್ಯಾಲಿಪರನ್ನು ಪ್ಲೇಟಿಗೆ ಬೋಲ್ಟ್ ಮಾಡಿ, ಲಿವರ್ ಒತ್ತಿ ಹಿಡಿದಿಟ್ಟರೆ ಪ್ಯಾಡ್‌ಗಳೇ ರೋಟರನ್ನು ಕಚ್ಚಿ ಪ್ಲೇಟನ್ನು ಸರಿಯಾದ ಜಾಗಕ್ಕೆ ತರುತ್ತವೆ. ಆಗ ಎರಡು ಮೂರು ಕಡೆ ಚುಕ್ಕೆ ವೆಲ್ಡ್ ಹಾಕಿಸಿ. ಆಮೇಲೆ ಚಕ್ರ, ಕ್ಯಾಲಿಪರ್ ಎಲ್ಲ ಬಿಚ್ಚಿ, ಡ್ರಾಪ್‌ಔಟ್ ಮಧ್ಯೆ ಹಳೆ ಹಬ್ಬಿನ ಆಕ್ಸಲ್ ಒಂದನ್ನು ನಟ್ ಸಮೇತ 135 ಮಿ.ಮೀ.ಗೆ ಸೆಟ್ ಮಾಡಿ ಬಿಗಿದು, ಪೂರ್ತಿ ವೆಲ್ಡ್. ಇಲ್ಲದಿದ್ದರೆ ಶಾಖಕ್ಕೆ ಸ್ಟೇ ಎಳೆದುಕೊಂಡು ಚಕ್ರ ಓರೆ ಕೂರುತ್ತೆ. 135 ಅಂದೆನಲ್ಲ, ನಿಮ್ಮ ಫ್ರೇಮ್ 130 ಇದ್ದರೂ ಇರಬಹುದು, ಡ್ರಾಪ್‌ಔಟ್ ಒಳಮೈ ಅಳೆಯಿರಿ. ಸ್ಟೀಲ್ ಆದರೆ 5 ಮಿ.ಮೀ. ಅಗಲಿಸಬಹುದು, ಎರಡೂ ಕಡೆ ಸಮ ಬರುವ ಹಾಗೆ. ರೋಟರ್ ಡ್ರಾಪ್‌ಔಟ್‌ನಿಂದ ಸುಮಾರು 15 ಮಿ.ಮೀ. ಒಳಗೆ ಕೂರುತ್ತೆ, ಹಳೆ ಫ್ರೇಮಿನಲ್ಲಿ ಅದು ಚೈನ್‌ಸ್ಟೇಗೆ ಉಜ್ಜುವ ಸಾಧ್ಯತೆ ಇದೆ. ಇದನ್ನು ವೆಲ್ಡಿಂಗಿಗೆ ಮೊದಲೇ ನೋಡಿಕೊಳ್ಳಿ. ಹಿಂದೆ ಕ್ಯಾರಿಯರ್ ಇದ್ದರೆ ಅದರ ಎಡಗಾಲೂ ಕ್ಯಾಲಿಪರಿಗೆ ತಾಗಬಹುದು.

ವೆಲ್ಡಿಂಗ್ ಬದಲು ಫ್ರೇಮಿಗೆ ಬೋಲ್ಟ್ ಹಾಕಿ ಬಿಗಿಯುವ ಅಡಾಪ್ಟರ್ ಬಗ್ಗೆ ಇದೇ ಚರ್ಚೆಯಲ್ಲಿ ಇನ್ನೊಬ್ಬರು ಬರೆದಿದ್ದಾರೆ. ಅದರಲ್ಲೂ ವ್ಯತ್ಯಾಸ ಇದೆ. ಡ್ರಾಪ್‌ಔಟ್ ಹತ್ತಿರವೇ ಸೀಟ್‌ಸ್ಟೇಗೆ ಕ್ಲ್ಯಾಂಪ್ ಆಗುವ ಗಿಡ್ಡ ಅಡಾಪ್ಟರ್ ಪೈಪನ್ನು ನಜ್ಜು ಮಾಡುತ್ತೆ. ಉದ್ದ ತೋಳಿನದ್ದು ಪರವಾಗಿಲ್ಲ. ಹಳೆ ಬೈಕುಗಳ ಹಿಂದಿನ ಡ್ರಮ್ ಬ್ರೇಕಿಗೆ ಟಾರ್ಕ್ ರಾಡ್ ಇರುತ್ತಲ್ಲ, ಅದೇ ತತ್ವ. ಮೇಲಿನ ಲೆಕ್ಕದಲ್ಲೇ ತೋಳು 25 ಸೆಂ.ಮೀ. ಉದ್ದ ಇದ್ದರೆ ಅದರ ತುದಿಯಲ್ಲಿ ಸ್ಟೇ ತಡೆಯಬೇಕಾದ್ದು 40 ಕೆಜಿ ಮಾತ್ರ. ಹಿಂದೆ ಡಿಸ್ಕ್ ಬೇಕೇ ಬೇಕು ಅನ್ನುವ ಅಲ್ಯೂಮಿನಿಯಂ ಫ್ರೇಮಿನವರಿಗೆ ಇದೊಂದೇ ದಾರಿ, ಅದೂ ತಿಂಗಳಿಗೊಮ್ಮೆ ಕ್ಲ್ಯಾಂಪ್ ಬಿಚ್ಚಿ ಕೆಳಗೆ ಬಿರುಕು ಇದೆಯಾ ಅಂತ ನೋಡುವವರಿಗೆ.

ಖರ್ಚು ಕೂಡಿಸಿ ನೋಡಿ. ಹಬ್, ಕಡ್ಡಿ, ಚಕ್ರ ಕಟ್ಟುವ ಕೂಲಿ, ರೋಟರ್, ಕ್ಯಾಲಿಪರ್, ವೆಲ್ಡಿಂಗ್, ಪೇಂಟ್. ಇದಕ್ಕಿಂತ ಡಿಸ್ಕ್ ಮೌಂಟ್ ಇರುವ 26 ಇಂಚಿನ ಸೆಕೆಂಡ್ ಹ್ಯಾಂಡ್ ಫ್ರೇಮ್ ಹುಡುಕಿ ನಿಮ್ಮ ಸಾಮಾನು ಅದಕ್ಕೆ ಹಾಕುವುದೇ ವಾಸಿ.

ಹಾಗಾದರೆ ಹಿಂದೆ ಏನು ಮಾಡುವುದು? ವಿ-ಬ್ರೇಕನ್ನೇ ಸರಿ ಮಾಡಿ. ಫೋಟೋದಲ್ಲಿ ಪ್ಯಾಡ್ ಮೇಲ್ಮೈ ಗಾಜಿನ ಹಾಗೆ ಹೊಳೀತಿದೆ, ಮಧ್ಯೆ ಮಿನುಗುವ ಚೂರುಗಳು ರಿಮ್ಮಿನಿಂದ ಕಿತ್ತು ಬಂದ ಅಲ್ಯೂಮಿನಿಯಂ. ಮಳೆಯಲ್ಲಿ ಕರ್ ಕರ್ ಅನ್ನೋದು ಅದೇ. ಈ ಪ್ಯಾಡ್ ತೆಗೆದು ಒಳ್ಳೆ ರಬ್ಬರಿನದ್ದು ಹಾಕಿ, ಕೂಲ್ ಸ್ಟಾಪ್‌ನ ಸಾಲ್ಮನ್ (ಕಿತ್ತಳೆ ಗುಲಾಬಿ) ಬಣ್ಣದ್ದು ಸಿಕ್ಕರೆ ಮಳೆಗೆ ಅದೇ ಒಳ್ಳೆಯದು. ರಿಮ್ಮನ್ನು ಸ್ಪಿರಿಟ್ ಹಾಕಿ ಒರೆಸಿ. ರಿಮ್ಮಿನ ಪಕ್ಕ ಬೆರಳಾಡಿಸಿದಾಗ ಒಳಕ್ಕೆ ಗುಳಿ ಬಿದ್ದಿದ್ದರೆ ಆ ರಿಮ್ ಘಾಟಿಗೆ ಬೇಡ, ಸವೆದ ಗೋಡೆ ಟೈರಿನ ಗಾಳಿಗೇ ಸೀಳುತ್ತೆ. ಒಳ ವಯರ್ ಜೊತೆ ಹೊರಗಿನ ಕವಚವನ್ನೂ ಬದಲಿಸಿ. ಗೇರಿನ ಕವಚವನ್ನು ಬ್ರೇಕಿಗೆ ಹಾಕುವ ಅಂಗಡಿಗಳಿವೆ, ಅದರ ತಂತಿಗಳು ಉದ್ದಕ್ಕೆ ಇರುತ್ತವೆ, ಬ್ರೇಕಿನ ಬಲಕ್ಕೆ ಒಡೆದು ಹೊರಬರಬಹುದು.

ಲಿವರ್ ಬಗ್ಗೆಯೂ ಹೇಳಿಬಿಡ್ತೇನೆ. ವಿ-ಬ್ರೇಕಿನ ಲಿವರ್ ಜಾಸ್ತಿ ವಯರ್ ಎಳೆಯುತ್ತೆ, ಎಂಟಿಬಿ ಕೇಬಲ್ ಡಿಸ್ಕಿಗೆ ಅದೇ ನಡೆಯುತ್ತೆ, ಹೊಸದು ಬೇಡ. ಕ್ಯಾಲಿಪರ್ ತಗೊಳ್ಳುವಾಗ ಮಾತ್ರ ಎಚ್ಚರ. ಏವಿಡ್ ಬಿಬಿ7 ತರಹದವು ಎಂಟಿಬಿಗೆ ಬೇರೆ, ರೋಡ್ ಬೈಕಿಗೆ ಬೇರೆ ಬರುತ್ತವೆ, ನೋಡಲು ಒಂದೇ ಥರ. ಹಾಕಿದ ಮೇಲೆ ಘಾಟಿಗೆ ಇಳಿಯುವ ಮೊದಲು ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ವೇಗಕ್ಕೆ ಹೋಗಿ ಬ್ರೇಕ್ ಹಿಡಿದು ನಿಧಾನ ಮಾಡುವುದನ್ನು ಒಂದಿಪ್ಪತ್ತು ಸಲ ಮಾಡಿ, ಹೊಸ ಪ್ಯಾಡ್ ರೋಟರಿಗೆ ಹೊಂದಿಕೊಳ್ಳುವವರೆಗೆ ಅದು ಸರಿಯಾಗಿ ಹಿಡಿಯಲ್ಲ. ರೋಟರಿಗೆ ಎಣ್ಣೆ ಕೈ ತಾಗಿಸಬೇಡಿ.

ನಾಳೆ ಆ ಫೋರ್ಕಿನ ಎರಡು ತೂತುಗಳ ನಡುವಿನ ಅಂತರ ಅಳೆದು ಇಲ್ಲೇ ಹಾಕಿ. 51 ಮಿ.ಮೀ. ಬಂದರೆ ಐಎಸ್, 74 ಬಂದರೆ ಪೋಸ್ಟ್ ಮೌಂಟ್, ಇವೆರಡು ಡಿಸ್ಕ್ ಮೌಂಟಿನ ಬೇರೆ ಬೇರೆ ವಿಧಗಳು. ಯಾವ ಅಡಾಪ್ಟರ್ ತರಿಸಬೇಕು ಅಂತ ಅದನ್ನು ನೋಡಿ ಹೇಳ್ತೇನೆ.