ಐರ್ಲೆಂಡಿನ ಕ್ಲೇರ್ ಕೌಂಟಿಗೆ ಹೊರಟಿರುವ ತಂಗಿಗೆ

ಎನಿಸ್ಟೈಮನ್ ಹತ್ತಿರದ ನರ್ಸಿಂಗ್ ಹೋಂನಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ಮನೆ, ಕಾರು, ಚಳಿ ಎಲ್ಲ ಹೇಗಕ್ಕಾ ಅಂತ ಕೇಳಿದ್ದೀಯ. ಮನೆ ಮಾಲೀಕರು ಫೋನಿನಲ್ಲಿ, 'ಹಿಂದಿನ ಹೊಲದ ಮುಳ್ಳುಗಿಡ ಮುಟ್ಟಬೇಡಿ' ಅಂದರಂತೆ, ಅದು ತಮಾಷೆಯಾ ಅಂತಲೂ ಕೇಳಿದ್ದೀಯ. ನೀನೂ ನಮ್ಮ ಹಾಸನದ ಹುಡುಗಿ, ಅದಕ್ಕೇ 'ನೀನು' ಅಂತಲೇ ಬರೀತೀನಿ.

ಕಾರು ಬೇಕೇ ಬೇಕು. ನಮ್ಮ ಲೈಸೆನ್ಸ್ ಇಲ್ಲಿಯದಕ್ಕೆ ಬದಲಾಯಿಸಿಕೊಡಲ್ಲ, ಥಿಯರಿ ಟೆಸ್ಟಿನಿಂದ ಶುರು ಮಾಡಬೇಕು. ಚಳಿಗಿಂತ ಕತ್ತಲೆ ಕಷ್ಟ; ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಹೊತ್ತು ಮುಳುಗಿರುತ್ತೆ. ಮನೆ ಬೆಚ್ಚಗಾಗೋದು ಹಿತ್ತಿಲ ಟ್ಯಾಂಕಿನ ಸೀಮೆಎಣ್ಣೆಯಿಂದ, ಖಾಲಿಯಾಗೋ ಮುಂಚೆ ತರಿಸು. ರಾಗಿಹಿಟ್ಟು ಊರಿಂದ ತಾ.

ಗಿಡದ ಮಾತು ತಮಾಷೆಯಲ್ಲ. ಒಂಟಿ ಹಾಥಾರ್ನ್ ಗಿಡ ಇವರಿಗೆ ಫೇರಿಗಳ ಜಾಗ, ನಮ್ಮ ನಾಗಬನ ಇದ್ದ ಹಾಗೆ. 1999ರಲ್ಲಿ ಇದೇ ಕ್ಲೇರ್‌ನ ಲಾಟೂನ್‌ನಲ್ಲಿ ಹೆದ್ದಾರಿಗೆ ಅಡ್ಡ ಬಂದ ಅಂಥದೊಂದು ಗಿಡ ಕಡಿಯಬಾರದು ಅಂತ ಕಥೆಗಾರ ಎಡ್ಡಿ ಲೆನಿಹನ್ ಎಚ್ಚರಿಸಿದರು. ಗಿಡ ಉಳೀತು, ರಸ್ತೆ ಪಕ್ಕಕ್ಕೆ ಸರೀತು. ಆಮೇಲೆ ಯಾರೋ ಅದರ ಕೊಂಬೆ ಕಡಿದರೂ ಮತ್ತೆ ಚಿಗುರಿತು. ಫೇರಿಗಳನ್ನ ನಂಬ್ತೀರಾ ಅಂತ ಇಲ್ಲಿಯವರನ್ನ ಕೇಳಿದರೆ 'ಛೆ, ಇಲ್ಲಪ್ಪ' ಅಂತಾರೆ. ಕೊಡಲಿ ಮಾತ್ರ ಎತ್ತಲ್ಲ.

ನೀನು ಕೇಳದೇ ಇರೋದು ಸಾವಿನ ವಿಷಯ. ಲೋಕಲ್ ರೇಡಿಯೋದಲ್ಲಿ ತೀರಿಕೊಂಡವರ ಹೆಸರು ಓದ್ತಾರೆ. ಪಕ್ಕದವರಾದರೆ ಹೋಗಲೇಬೇಕು. ಮನೆಯವರ ಕೈ ಕುಲುಕಿ 'ಸಾರಿ ಫಾರ್ ಯುವರ್ ಟ್ರಬಲ್' ಅಂದರೆ ಸಾಕು. ತೆರೆದ ಪೆಟ್ಟಿಗೆ ಇರೋ ಮನೆಯಲ್ಲೇ ಟೀ, ಸ್ಯಾಂಡ್‌ವಿಚ್ ಕೊಡ್ತಾರೆ. ಸೂತಕದ ಮನೇಲಿ ನೀರೂ ಮುಟ್ಟದೆ ಬೆಳೆದವರು ನಾವು. ಆದರೂ ಕುಡಿ, ಮನೆಗೆ ಬಂದು ಸ್ನಾನ ಮಾಡಿಕೋ, ಯಾರು ಕೇಳ್ತಾರೆ!

ನಮ್ಮಪ್ಪ ತೀರಿಕೊಂಡಾಗ ನನ್ನ ಐಆರ್‌ಪಿ ಕಾರ್ಡಿನ, ಅಂದರೆ ಇಲ್ಲಿ ಇರೋಕೆ ಕೊಡೋ ಪರ್ಮಿಟ್ಟಿನ, ಅವಧಿ ಮುಗಿಯೋದರಲ್ಲಿತ್ತು. ಊರಿಗೆ ಹೋದರೆ ವಾಪಸ್ ಬರೋದು ಹೇಗೆ ಅನ್ನೋ ಲೆಕ್ಕದಲ್ಲಿ ನಿಂತುಬಿಟ್ಟೆ. ಬೆಳಿಗ್ಗೆ ಹೋದವರನ್ನ ಸಂಜೆಯೊಳಗೆ ಕಳಿಸಿಕೊಟ್ಟರು, ಫೋನಿನಲ್ಲಿ ನೋಡಿದೆ. ಹೊರಟಿದ್ದರೂ ಮುಖ ಸಿಗ್ತಿರಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ಅಮ್ಮನ ಪಕ್ಕ ಕೂರೋಕಾದರೂ ಹೋಗಬೇಕಿತ್ತು.

ಮಾರನೇ ದಿನ ಆಚೆ ಹೊಲದ ರೈತ ಬಾಗಿಲಿಗೆ ಬಂದ. ಅಲ್ಲಿತನಕ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳ್ತಿದ್ದವನು, ಅಷ್ಟೇ. ಗಂಬೂಟು ಹೊರಗೆ ಬಿಚ್ಚಿ, ಬರೀ ಸಾಕ್ಸಿನಲ್ಲಿ ಅಪ್ಪನ ಫೋಟೋ ಮುಂದೆ ನಿಂತ. ಮೊಟ್ಟೆ ಸ್ಯಾಂಡ್‌ವಿಚ್ ತಂದಿದ್ದ, 'ಹ್ಯಾಮ್ ಇಲ್ಲ' ಅಂದ. ಏನು ಬೆಳೀತಿದ್ದರು ಅಂತ ಕೇಳಿದ. ಆಲೂಗಡ್ಡೆ ಅಂದೆ. ಅವನ ಮುಖ ನೋಡಬೇಕಿತ್ತು! 'ಅಲ್ಲೂ ಬ್ಲೈಟ್ ಬರುತ್ತಾ?' ಬ್ಲೈಟ್ ಅಂದರೆ ನಮ್ಮ ಅಂಗಮಾರಿ ರೋಗ, ಅದರ ಬಗ್ಗೆ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. 1845ರಲ್ಲಿ ಶುರುವಾದ ಅದೇ ರೋಗ ಈ ಸೀಮೆಯನ್ನೇ ಹಸಿವಿಗೆ ದೂಡಿತ್ತು, ಈಗಲೂ ಹವಾಮಾನ ವರದಿಯಲ್ಲಿ ಅದರ ಮುನ್ನೆಚ್ಚರಿಕೆ ಬರುತ್ತೆ. ಅಪ್ಪ ಔಷಧಿ ಯಾವಾಗ ಹೊಡೀತಿದ್ದರು ಅಂತ ಕೇಳ್ತಾ ಕೂತ. ಅವತ್ತು ಮೊದಲ ಸಲ ಅತ್ತೆ.

ಕಾರ್ಡ್ ಬಂದ ದಿನವೇ ಮುಗಿಯೋ ತಾರೀಕು ಕ್ಯಾಲೆಂಡರಿನಲ್ಲಿ ಬರೆದಿಡು, ನವೀಕರಣಕ್ಕೆ ಮುಂಚೆಯೇ ಅರ್ಜಿ ಹಾಕು. ಟಿಕೆಟ್ಟಿನ ದುಡ್ಡು ಬೇರೆ ಇಟ್ಟಿರು, ಸೋಫಾಗೆ ಅಂತ ತೆಗೀಬೇಡ.